ಫೋಮ್ ಹಾಕುವ ಮೊದಲೇ ಗಾಳಿ ನಿಲ್ಲಬೇಕು

ಹೊಸಪೇಟೆಯಿಂದ ಮೌಂಟನ್ ಬೈಕನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಟೈರಿಗೆ ಒಂದೊಂದು ಪರೀಕ್ಷೆ ಕಾದಿರುತ್ತದೆ. ಹಂಪಿ, ಆನೆಗೊಂದಿ ಕಡೆ ಗ್ರಾನೈಟ್ ಬಂಡೆಗಳ ಅಂಚು. ಸಂಡೂರಿನ ಕಡೆ ಅದಿರಿನ ಕೆಂಪು ಧೂಳು, ಜೊತೆಗೆ ಲಾರಿ ಟೈರುಗಳಿಂದ ಉದುರಿದ ಸಣ್ಣ ಉಕ್ಕಿನ ಎಳೆಗಳು. ಕಂಪ್ಲಿ ಕಡೆ ಕಾಲುವೆ ಏರಿಯುದ್ದಕ್ಕೂ ಜಾಲಿ ಮುಳ್ಳು. ಬಂಡೆಗೆ ಬಡಿದು ರಿಮ್ಮು ನೆಗ್ಗದಿರಲಿ ಎಂದು ಟ್ಯೂಬ್‌ಲೆಸ್ ಟೈರಿನೊಳಗೆ ಫೋಮ್ ಇನ್ಸರ್ಟ್ ಕೂರಿಸಿಕೊಂಡವರು ಆಮೇಲೆ ಬಂದು ಹೇಳುವುದು ಒಂದೇ ಮಾತು: "ಫೋಮ್ ಹಾಕ್ಸಿದ್ರೂ ಗಾಳಿ ನಿಲ್ಲವಲ್ದು ರೀ." ಇಂಥ ಚಕ್ರಗಳನ್ನು ಬಿಚ್ಚಿ ಕಟ್ಟುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಫೋಮ್ ಇರುವುದು ಪೆಟ್ಟು ತಡೆಯಲು, ಗಾಳಿ ತಡೆಯಲು ಅಲ್ಲ. ಟೈರು ಕಲ್ಲಿಗೆ ಅಪ್ಪಳಿಸಿದಾಗ ರಿಮ್ಮಿಗಿಂತ ಮೊದಲು ಅದು ಪೆಟ್ಟು ತಿನ್ನುತ್ತದೆ. ಟೈರಿನ ಅಂಚನ್ನು, ಅಂದರೆ ಬೀಡನ್ನು, ರಿಮ್ಮಿನ ಗೋಡೆಗೆ ಒತ್ತಿ ಹಿಡಿಯುವುದರಿಂದ, ಕಡಿಮೆ ಗಾಳಿಯಲ್ಲಿ ಜೋರಾಗಿ ತಿರುವು ಹೊಡೆದಾಗ ಬೀಡು ಬಾಯಿಬಿಡುವುದೂ ಕಡಿಮೆಯಾಗುತ್ತದೆ. ಮುಳ್ಳಿನ ತೂತು, ರಿಮ್ಮಿನ ಟೇಪು, ವಾಲ್ವ್ ಇವಕ್ಕೆ ಅದರಿಂದ ಯಾವ ಸಹಾಯವೂ ಇಲ್ಲ. ಒಳಗಿನ ಜಾಗವನ್ನು ಫೋಮ್ ತಿಂದುಬಿಡುವುದರಿಂದ ಟೈರಿನಲ್ಲಿ ಗಾಳಿಯೇ ಕಡಿಮೆ ಇರುತ್ತದೆ. ಹಾಗಾಗಿ ಮೊದಲು ಗಮನಕ್ಕೇ ಬಾರದಿದ್ದ ಸಣ್ಣ ಸೋರಿಕೆ ಈಗ ಗೇಜಿನ ಮುಳ್ಳನ್ನು ಬೇಗ ಇಳಿಸುತ್ತದೆ. ಫೋಮ್ ಹಾಕಿಸಿದ ಮೇಲೆಯೇ ಸೋರಲು ಶುರುವಾಯಿತು ಎಂದು ಜನರಿಗೆ ಅನ್ನಿಸುವುದು ಇದಕ್ಕೇ.

2. ಆದ್ದರಿಂದ ಮೊದಲ ರಾತ್ರಿ ಫೋಮ್ ಇಲ್ಲದೆಯೇ ಕಳೆಯಬೇಕು. ಟೇಪು, ವಾಲ್ವ್, ಟೈರು, ಸೀಲಂಟ್ ಎಲ್ಲ ಹಾಕಿ 30 ಪಿಎಸ್‌ಐ ಗಾಳಿ ಹೊಡೆದು ಬೆಳಗಿನವರೆಗೆ ಬಿಡಿ. ಗಾಳಿ ನಿಂತರೆ ಮಾತ್ರ ಒಂದು ಬದಿ ಬಿಚ್ಚಿ ಫೋಮ್ ಒಳಗೆ ಹಾಕಿ. ಕೆಲಸ ಎರಡು ಸಲ, ಕೈಯೆಲ್ಲ ಅಂಟು. ಆದರೂ ಬೇರೆ ದಾರಿ ನನಗೆ ಕಂಡಿಲ್ಲ.

3. ಗಾಳಿ ನಿಲ್ಲದಿದ್ದರೆ ಸೋಪಿನ ನೀರು ಸವರಿ ನೋಡಿ. ವಾಲ್ವ್ ಬುಡದಲ್ಲಿ ಗುಳ್ಳೆ ಬಂದರೆ ವಾಲ್ವನ್ನೇ ದೂರಬೇಡಿ. ರಿಮ್ಮಿನ ಒಳಗೆ ಟೊಳ್ಳು ಇದೆ. ಟೇಪು ಎಲ್ಲೋ ಒಂದು ಕಡ್ಡಿ ತೂತಿನ ಮೇಲೆ ಹರಿದಿದ್ದರೆ ಗಾಳಿ ಆ ಟೊಳ್ಳಿನೊಳಗೆ ಸುತ್ತಿ, ವಾಲ್ವ್ ತೂತಿನಿಂದಲೋ ನಿಪ್ಪಲ್‌ಗಳಿಂದಲೋ ರಿಮ್ಮಿನ ಬೆಸುಗೆಯಿಂದಲೋ ಹೊರಬರುತ್ತದೆ. ಗುಳ್ಳೆ ವಾಲ್ವಿನ ತುದಿಯಲ್ಲಿ ಮಾತ್ರ ಇದ್ದರೆ ಕೋರ್ ಸೋರುತ್ತಿದೆ. ನಟ್ಟಿನ ಸುತ್ತ ಬಂದರೆ ಮೊದಲು ನಟ್ಟನ್ನು ಬೆರಳಿನಿಂದ ಬಿಗಿ ಮಾಡಿ ನೋಡಿ, ಇಕ್ಕಳ ಬೇಡ. ಆಮೇಲೂ ಬರುತ್ತಿದ್ದರೆ, ಅದರಲ್ಲೂ ದೂರದ ನಿಪ್ಪಲ್‌ಗಳಲ್ಲೂ ಗುಳ್ಳೆ ಕಂಡರೆ, ಟೇಪನ್ನು ಪೂರ್ತಿ ಕಿತ್ತು ಹೊಸದಾಗಿ ಹಾಕಬೇಕು.

ಟೇಪಿನ ಕೆಲಸಕ್ಕೆ ಅವಸರ ಆಗದು. ರಿಮ್ಮನ್ನು ಸ್ಪಿರಿಟ್‌ನಿಂದ ಒರೆಸಬೇಕು. ಸಂಡೂರಿನ ಧೂಳು ಎಷ್ಟು ನುಣುಪೆಂದರೆ ಕಣ್ಣಿಗೆ ಸ್ವಚ್ಛವಾಗಿ ಕಂಡ ರಿಮ್ಮೂ ಬಿಳಿ ಬಟ್ಟೆಯನ್ನು ಕೆಂಪು ಮಾಡುತ್ತದೆ. ಟೇಪಿನ ಅಗಲ ರಿಮ್ಮಿನ ಒಳ ಅಗಲಕ್ಕಿಂತ 2-3 ಮಿ.ಮೀ. ಹೆಚ್ಚಿರಲಿ. ಎಳೆದು ಬಿಗಿಯಾಗಿ ಎರಡು ಸುತ್ತು ಹಾಕಿ. ವಾಲ್ವಿನ ತೂತನ್ನು ಬ್ಲೇಡಿನಿಂದ ಸೀಳದೆ ಕಾಯಿಸಿದ ಮೊಳೆಯಿಂದ ದುಂಡಗೆ ಮಾಡಿ. ಸೀಳು ಒತ್ತಡ ಬಿದ್ದಂತೆಲ್ಲ ಬೆಳೆಯುತ್ತದೆ. ಕೊನೆಗೆ ಟ್ಯೂಬು ಹಾಕಿ ಗಾಳಿ ತುಂಬಿ ಒಂದು ರಾತ್ರಿ ಇಟ್ಟರೆ ಟೇಪು ರಿಮ್ಮಿಗೆ ಅಂಟಿಕೊಳ್ಳುತ್ತದೆ.

ಇಷ್ಟು ಮಾಡಿಟ್ಟ ಟೇಪನ್ನು ಹರಿಯುವುದು ಸಾಮಾನ್ಯವಾಗಿ ಟೈರ್ ಲಿವರ್. ಮಾಮೂಲಿ ಟೈರು ಹಾಕುವಾಗ ಬೀಡು ರಿಮ್ಮಿನ ನಡುವಿನ ತಗ್ಗಿಗೆ ಇಳಿಯುವುದರಿಂದ ಎದುರು ಬದಿ ಸಡಿಲವಾಗುತ್ತದೆ. ಫೋಮ್ ಇದ್ದಾಗ ಆ ತಗ್ಗಿನಲ್ಲಿ ಅದೇ ಕೂತಿರುತ್ತದೆ. ಹಾಗಾಗಿ ಕೊನೆಯ ಒಂದು ಗೇಣು ಬಹಳ ಬಿಗಿ, ಅಲ್ಲಿ ಲಿವರ್‌ಗೆ ಬಲ ಹಾಕಿದರೆ ಅದರ ತುದಿ ಟೇಪಿಗೆ ನಾಟುತ್ತದೆ. ಚಕ್ರವನ್ನು ನೆಲಕ್ಕಿಟ್ಟು, ಎದುರು ಬದಿಯನ್ನು ಮೊಣಕಾಲಿನಿಂದ ಒತ್ತಿ ಬೀಡನ್ನು ಫೋಮ್‌ನ ಕೆಳಗೆ ತಗ್ಗಿಗೆ ಸೇರಿಸುತ್ತಾ ಬನ್ನಿ. ಸೋಪಿನ ನೀರು ಧಾರಾಳವಾಗಿರಲಿ. ಕೈಯಲ್ಲೇ ಆಗುತ್ತದೆ.

4. ಫೋಮ್‌ಗೆ ಅದರದೇ ವಾಲ್ವ್ ಬೇಕು. ಸಾದಾ ವಾಲ್ವಿನ ತಳದ ತೂತನ್ನು ಫೋಮ್ ಮುಚ್ಚಿಬಿಡುತ್ತದೆ. ಪಕ್ಕಕ್ಕೆ ತೂತು ಇರುವುದನ್ನೇ ಹಾಕಿ. ಕೋರಿನಲ್ಲಿ ಸೀಲಂಟ್ ಹೆಪ್ಪುಗಟ್ಟುವುದು ಮಾಮೂಲು, ಒಂದು ಹೊಸ ಕೋರ್ ಜೇಬಿನಲ್ಲಿರಲಿ. ಹೆದ್ದಾರಿಯ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಪ್ರೆಸ್ಟಾ ವಾಲ್ವಿಗೆ ಕೂರುವುದಿಲ್ಲ. ಅದಕ್ಕೆ ಬೇಕಾದ ಹಿತ್ತಾಳೆಯ ಅಡಾಪ್ಟರ್ ಬೆರಳ ತುದಿಯಷ್ಟೇ ಇರುತ್ತದೆ.

5. ಬಳ್ಳಾರಿ ಜಾಲಿ ಮೂಲತಃ ಅಮೆರಿಕ ಖಂಡದ ಗಿಡ, ಇಲ್ಲಿಗೆ ಬಂದು ಬಳ್ಳಾರಿಯ ಹೆಸರನ್ನೇ ಹೊತ್ತುಕೊಂಡಿದೆ. ಹೊಲದ ಬೇಲಿಗೆಂದು ಕಡಿದ ಜಾಲಿಯನ್ನು ಎಳೆದುಕೊಂಡು ಹೋದ ಬಂಡಿದಾರಿಯಲ್ಲಿ ಮುಳ್ಳು ಉದುರಿ ಧೂಳಿನಲ್ಲಿ ಹುದುಗಿರುತ್ತದೆ. ಗಟ್ಟಿ ಮುಳ್ಳು, ಟೈರನ್ನು ದಾಟಿ ಒಳಗೆ ತುದಿ ಮುರಿದುಕೊಂಡು ನಿಲ್ಲುತ್ತದೆ. ತುದಿ ಅಲುಗಾಡುತ್ತಿದ್ದರೆ ಸೀಲಂಟ್ ಮುಚ್ಚಿದ ತೂತು ಮತ್ತೆ ಬಾಯಿಬಿಡುತ್ತದೆ. ಕಾಲುವೆ ಏರಿಯ ನೆಗ್ಗಿಲ ಮುಳ್ಳು ಸಣ್ಣದು, ಅದರ ತೂತನ್ನು ಸೀಲಂಟ್ ತಾನೇ ನೋಡಿಕೊಳ್ಳುತ್ತದೆ. ಟೈರು ಬಿಚ್ಚಿದಾಗಲೆಲ್ಲ ಒಳಮೈ ಮೇಲೆ ಹತ್ತಿಯ ಉಂಡೆ ಸವರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಬೆರಳಿಗಿಂತ ಹತ್ತಿ ವಾಸಿ, ರಕ್ತವೂ ಬರುವುದಿಲ್ಲ.

6. ಏಪ್ರಿಲ್-ಮೇ ತಿಂಗಳಲ್ಲಿ ಹೊಸಪೇಟೆಯ ಬಿಸಿಲು 40 ಡಿಗ್ರಿ ಮುಟ್ಟಿದಾಗ ಸೀಲಂಟ್ ಬೇಗ ಒಣಗುತ್ತದೆ. ತಿಂಗಳಿಗೊಮ್ಮೆ ನೋಡಿ. ಫೋಮ್‌ನ ಮೈಗೂ ಒಂದಷ್ಟು ಮೆತ್ತಿಕೊಳ್ಳುವುದರಿಂದ 100 ಮಿ.ಲೀ. ಸಾಲುತ್ತಿದ್ದ ಟೈರಿಗೆ 130-150 ಹಾಕುತ್ತೇನೆ. ದುಡ್ಡು ಉಳಿಸಲು ಸೀಟಿನ ಕುಷನ್ ಫೋಮ್ ಕತ್ತರಿಸಿ ಹಾಕಬೇಡಿ. ಅದು ಸೀಲಂಟನ್ನೆಲ್ಲ ಹೀರಿ, ತೂತಿಗೆ ಒಂದು ಹನಿಯೂ ಬಿಡುವುದಿಲ್ಲ. ಯಾವುದೇ ಫೋಮ್‌ನ ತುಂಡನ್ನು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಹಿಂಡಿ; ನೀರು ಬಂದರೆ ಅದು ಟೈರಿಗಲ್ಲ.

7. ಗೇಜನ್ನು ದಿನದ ಒಂದೇ ಹೊತ್ತಿನಲ್ಲಿ ನೋಡಿ. ಮಧ್ಯಾಹ್ನ 35 ಡಿಗ್ರಿಯಲ್ಲಿ 24 ಪಿಎಸ್‌ಐ ಇದ್ದ ಟೈರು, ಬೆಳಗಿನ ಜಾವ 20 ಡಿಗ್ರಿಗೆ ಇಳಿದಾಗ, ಒಂದು ಚೂರೂ ಸೋರದೆ 22ರ ಸುಮಾರಿಗೆ ಬಂದಿರುತ್ತದೆ.

8. ಹಂಪಿಯ ಬಂಡೆಗಳಿಂದ ಬಂದ ಮೇಲೆ ರಿಮ್ಮಿನ ಅಂಚಿನ ಮೇಲೆ ಬೆರಳಾಡಿಸಿ. (ಬಂಡೆ ಎಂದರೆ ಬಯಲಿನ ಬಂಡೆ. ಮಂಟಪದ ಜಗಲಿ, ಕೆತ್ತನೆಯ ಕಲ್ಲಿನ ಮೇಲೆ ಚಕ್ರ ಹತ್ತಿಸುವವರ ಬೈಕನ್ನು ನಾನು ಮುಟ್ಟುವುದಿಲ್ಲ.) ಫೋಮ್ ಇಲ್ಲದಿದ್ದಾಗ ಪೆಟ್ಟಿನ ಸದ್ದು ಕಿವಿಗೆ ಬೀಳುತ್ತಿತ್ತು. ಈಗ ಆ ಸದ್ದು ಮಂಕಾಗಿರುವುದರಿಂದ ರಿಮ್ಮು ನೆಗ್ಗಿದ್ದೂ ತಿಳಿಯುವುದಿಲ್ಲ. ಬೀಡಿನ ಒಂದೇ ಜಾಗದಲ್ಲಿ ಗುಳ್ಳೆ ಬರುತ್ತಿದ್ದರೆ ಅಲ್ಲಿ ನೆಗ್ಗು ಹುಡುಕಿ. ಅಲ್ಯುಮಿನಿಯಂ ರಿಮ್ಮಿನ ಸಣ್ಣ ನೆಗ್ಗನ್ನು ನಿಧಾನಕ್ಕೆ ಸರಿಮಾಡಬಹುದು. ಕಾರ್ಬನ್ ರಿಮ್ಮು ಬಿರುಕು ಬಿಟ್ಟಿದ್ದರೆ ಅದನ್ನು ಓಡಿಸಬಾರದು.

9. ಫೋಮ್ ಇದೆಯೆಂದು ಟ್ಯೂಬು ಮನೆಯಲ್ಲಿ ಬಿಡಬೇಡಿ. ಗಾಳಿ ಪೂರ್ತಿ ಹೋದರೂ ಫೋಮ್ ಮೇಲೆ ನಿಧಾನವಾಗಿ ರಸ್ತೆಯವರೆಗೆ ಬರಬಹುದು. ಸಂಡೂರಿನ ಗುಡ್ಡದಿಂದ ಊರವರೆಗೆ ಅದೇ ಸ್ಥಿತಿಯಲ್ಲಿ ಇಳಿದರೆ ಟೈರೂ ಫೋಮೂ ಎರಡೂ ಹೋಗುತ್ತವೆ. ಟ್ಯೂಬು ಹಾಕಬೇಕಾದರೆ ಫೋಮ್ ಹೊರತೆಗೆದು ಹೆಗಲಿಗೆ ಅಡ್ಡ ಹಾಕಿಕೊಳ್ಳಬೇಕು. ಸೀಲಂಟ್ ಅಂಗಿಗೆ ಹತ್ತುತ್ತದೆ, ಹತ್ತಲಿ. ಟ್ಯೂಬು ಹಾಕುವ ಮೊದಲು ಕೂತು ಟೈರಿನ ಒಳಗಿನ ಮುಳ್ಳುಗಳನ್ನೆಲ್ಲ ಕಿತ್ತುಹಾಕಿ. ಸೀಲಂಟ್ ಇಷ್ಟು ದಿನ ಸದ್ದಿಲ್ಲದೆ ಮುಚ್ಚಿಟ್ಟಿದ್ದ ಒಂದೊಂದು ಮುಳ್ಳೂ ಹೊಸ ಟ್ಯೂಬಿಗೆ ಚುಚ್ಚುತ್ತದೆ.