ಗಣಕಯಂತ್ರದ ಸ್ಮೃತಿರಕ್ಷಣೆಯೂ ಅದರ ತೊಡಕುಗಳೂ

ಪರೀಕ್ಷಾ ಶುಲ್ಕವಾಗಲಿ, ವಿದ್ಯಾರ್ಥಿವೇತನದ ಅರ್ಜಿಯಾಗಲಿ, ಇಂದು ಗಣಕಯಂತ್ರದ ಮೂಲಕವೇ ಸಾಗಬೇಕು. ಕಡೆಯ ದಿನ ಗುಂಡಿ ಒತ್ತಿದಾಗ ಯಂತ್ರ ಏಳದೆಹೋದರೆ ವಿದ್ಯಾರ್ಥಿಯ ಪಾಡೇನು? ಇದಕ್ಕೆ ಕಾರಣಗಳು ಹಲವು. ರಕ್ಷಣೆಗೆಂದು ಮಾಡಿದ ತಿದ್ದುಪಡಿಯೇ ಯಂತ್ರವನ್ನು ನಿಲ್ಲಿಸುವುದು ಅವುಗಳಲ್ಲೊಂದು. ಅದನ್ನು ಇಲ್ಲಿ ವಿವೇಚಿಸಲಾಗಿದೆ.

ಯಂತ್ರದ ಕೆಲಸಗಳನ್ನೆಲ್ಲ ನಡೆಸುವ ಆಪರೇಟಿಂಗ್ ಸಿಸ್ಟಂನ ತಿರುಳಿಗೆ ಕರ್ನಲ್ ಎಂದು ಹೆಸರು. ಅದರ ಸ್ಮೃತಿಯನ್ನು ಇತರ ಪ್ರೋಗ್ರಾಮುಗಳು ಓದಕೂಡದು. ಹಿಂದೆ ಪ್ರತಿ ಪ್ರೋಗ್ರಾಮಿನ ವಿಳಾಸಪಟ್ಟಿಯಲ್ಲಿಯೇ ಕರ್ನಲಿನ ವಿಳಾಸಗಳೂ ಇರುತ್ತಿದ್ದವು. ‘ಪ್ರವೇಶವಿಲ್ಲ’ವೆಂಬ ಗುರುತೊಂದೇ ಅವಕ್ಕೆ ಕಾವಲು. ಈ ಕಾವಲು ಸಾಲದೆಂಬುದು 2018ರ ಜನವರಿ 3ರಂದು ಬಯಲಾದ ಮೆಲ್ಟ್‌ಡೌನ್ ದೋಷದಿಂದ ವಿದಿತವಾಯಿತು. ಪ್ರೊಸೆಸರ್ ವೇಗಕ್ಕಾಗಿ ಮುಂದಿನ ಕೆಲಸವನ್ನು ಮೊದಲೇ ಮಾಡಿಡುತ್ತದೆ. ಹಾಗೆ ಮಾಡುವಾಗ, ಅನುಮತಿಯ ಪರೀಕ್ಷೆ ಮುಗಿಯುವ ಮುನ್ನವೇ ಗುಪ್ತ ಅಂಶವನ್ನು ಓದಿ, ಅದರ ಸುಳಿವನ್ನು ಕ್ಯಾಷ್‌ನಲ್ಲಿ ಉಳಿಸುತ್ತಿತ್ತು.

ಇದಕ್ಕೆ ಪರಿಹಾರವೆಂದರೆ ಎರಡು ವಿಳಾಸಪಟ್ಟಿಗಳನ್ನಿಡುವುದು. ಆಸ್ಟ್ರಿಯದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾನಿಲಯದ ಸಂಶೋಧಕರು 2017ರಲ್ಲಿಯೇ ಈ ವಿಧಾನವನ್ನು ಸೂಚಿಸಿದ್ದರು. ಪ್ರೋಗ್ರಾಮು ನಡೆಯುವಾಗ ಅದರ ಪಟ್ಟಿಯಲ್ಲಿ ಕರ್ನಲಿನ ಬಾಗಿಲಷ್ಟೇ ಇರುತ್ತದೆ, ಮನೆ ಇರುವುದಿಲ್ಲ.

ತೊಡಕು ಹುಟ್ಟುವುದೂ ಇಲ್ಲಿಯೇ. ನಮ್ಮ ದಾವಣಗೆರೆ, ಹರಿಹರದ ಸೀಮೆಯಲ್ಲಿ ಹಿಂದೆ ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಬಿತ್ತನೆಯ ಬೀಜವನ್ನೂ ಅದರಲ್ಲೇ ಹಾಕಿ ಮುಚ್ಚಿದ ರೈತ ಕೂರಿಗೆ ಹೂಡುವ ದಿನ ಪರದಾಡಬೇಕು. ಹಾಗೆಯೇ, ಯಂತ್ರ ಏಳುವ ಮೊದಲ ಕ್ಷಣಗಳಲ್ಲಿ ಬೇಕಾದ ಅಂಶವೊಂದು ಬಚ್ಚಿಟ್ಟ ಭಾಗಕ್ಕೆ ಸೇರಿಹೋದರೆ ಕರ್ನಲ್ ಅಲ್ಲಿಯೇ ನಿಲ್ಲುತ್ತದೆ. ಆಗ ಡಿಸ್ಕಿನಲ್ಲಿ ದಾಖಲೆ ಬರೆಯುವ ವ್ಯವಸ್ಥೆ ಇನ್ನೂ ಸಿದ್ಧವಾಗಿರುವುದಿಲ್ಲವಾದ್ದರಿಂದ ಕಾರಣ ಹುಡುಕುವುದೂ ಕಷ್ಟ.

2018ರ ಜನವರಿಯಲ್ಲಿ ಇಂಥ ತಿದ್ದುಪಡಿಗಳು ಅವಸರದಿಂದ ಹೊರಬಂದುವು. ಉಬುಂಟು 16.04ರ 4.4.0-108 ಕರ್ನಲನ್ನು ಹಾಕಿದ ಕೆಲವು ಯಂತ್ರಗಳು ಏಳಲೇ ಇಲ್ಲ, ಬೇಗನೆ 4.4.0-109 ಬಿಡುಗಡೆಯಾಯಿತು. ವಿಂಡೋಸ್ ತಿದ್ದುಪಡಿಯಿಂದ ಎಎಂಡಿ ಪ್ರೊಸೆಸರುಳ್ಳ ಕೆಲವು ಹಳೆಯ ಯಂತ್ರಗಳು ನಿಂತುವು. ಮೈಕ್ರೋಸಾಫ್ಟ್ ಅವುಗಳಿಗೆ ತಿದ್ದುಪಡಿಯನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು. ವಿಚಿತ್ರವೆಂದರೆ, ಎಎಂಡಿ ಪ್ರೊಸೆಸರುಗಳಿಗೆ ಮೆಲ್ಟ್‌ಡೌನ್ ದೋಷ ತಟ್ಟಿರಲಿಲ್ಲ. ಜೊತೆಗೇ ಬಯಲಾದ ಸ್ಪೆಕ್ಟರ್ ಎಂಬ ದೋಷ ಮಾತ್ರ ತಟ್ಟಿತ್ತು.

ನಮ್ಮ ರಾಜ್ಯವೂ ಇದಕ್ಕೆ ಹತ್ತಿರದ ಅನುಭವವೊಂದನ್ನು ಕಂಡಿದೆ. 2024ರ ಜುಲೈ 19ರಂದು ಕರ್ನಲಿನೊಳಗೆ ಕಾವಲಿದ್ದ ಕ್ರೌಡ್‌ಸ್ಟ್ರೈಕ್ ತಂತ್ರಾಂಶವು ದೋಷಯುಕ್ತ ಕಡತವೊಂದರಿಂದಾಗಿ ತನಗೆ ಸಲ್ಲದ ಸ್ಮೃತಿಯನ್ನು ಓದಲು ಹೋಯಿತು. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಯಂತ್ರಗಳು ಕೆಟ್ಟುವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರ ನೋಂದಣಿ ಕೈಬರಹಕ್ಕಿಳಿಯಿತು.

ಹಾಗೆಂದು ರಕ್ಷಣೆಯೇ ಬೇಡವೆನ್ನುವುದು ಅವಿವೇಕ. ಕಾಲೇಜಿನಂಥ ಸಂಸ್ಥೆಗಳಲ್ಲಿ ಯಂತ್ರಗಳು ಹಳೆಯವಾದಷ್ಟೂ ಎಚ್ಚರ ಹೆಚ್ಚಿರಬೇಕು. ತಿದ್ದುಪಡಿಯನ್ನು ಮೊದಲು ಒಂದೇ ಯಂತ್ರಕ್ಕೆ ಹಾಕಿ, ಅದು ಏಳುವುದನ್ನು ಕಂಡು, ಬಳಿಕ ಉಳಿದವಕ್ಕೆ ಹಾಕುವುದು ಲೇಸು. ಲಿನಕ್ಸ್‌ನಲ್ಲಿ ಹಳೆಯ ಕರ್ನಲನ್ನು ಅಳಿಸದೆ ಉಳಿಸಿಕೊಂಡರೆ, ಆರಂಭದ ಪಟ್ಟಿಯಿಂದ ಅದನ್ನೇ ಆರಿಸಿ ಯಂತ್ರವನ್ನು ಎಬ್ಬಿಸಬಹುದು. ಬೀಗವನ್ನು ಭದ್ರಪಡಿಸುವವರು ಕೀಲಿಕೈಯನ್ನು ಹೊರಗಿಟ್ಟುಕೊಳ್ಳುವುದನ್ನು ಮರೆಯಬಾರದು.