ಬೇಡಿಕೆ, ಅನುದಾನ, ವಿನಿಯೋಗ: ಸಂಸತ್ತಿನ ದಿನಚರಿ ಮತ್ತು ದೇಶದ ಖರ್ಚು

ಬಜೆಟ್ಟಿಗೆ ಕನ್ನಡದಲ್ಲಿ ಎರಡು ಹೆಸರುಗಳು ಬಳಕೆಯಲ್ಲಿವೆ. ಪತ್ರಿಕೆಗಳು ಹೆಚ್ಚಾಗಿ 'ಮುಂಗಡಪತ್ರ' ಎಂದು ಬರೆದರೆ ಸರಕಾರಿ ಕಡತಗಳು 'ಆಯವ್ಯಯ' ಎನ್ನುತ್ತವೆ. ಇವೆರಡರಲ್ಲಿ ಎರಡನೆಯದೇ ಅರ್ಥಕ್ಕೆ ಹತ್ತಿರ. ಕೆಲಸಕ್ಕೆ ಮೊದಲೇ ಕೈಗೆ ಕೊಟ್ಟ ಹಣವನ್ನು ಜನ ಮುಂಗಡವೆನ್ನುತ್ತಾರೆ. ಆದರೆ ಬಜೆಟ್ ಮಂಡನೆಯಾದ ದಿನ ಒಂದು ರೂಪಾಯಿಯೂ ಯಾರ ಕೈಗೂ ಸೇರುವುದಿಲ್ಲ. ಅಂದು ಸದನದ ಮುಂದೆ ಬರುವುದು ಮುಂದಿನ ವರ್ಷದ ಆದಾಯ ಮತ್ತು ವೆಚ್ಚಗಳ ಅಂದಾಜು ಮಾತ್ರ. ಸಂವಿಧಾನವಂತೂ ಬಜೆಟ್ ಎಂಬ ಪದವನ್ನೇ ಬಳಸದೆ, 112ನೇ ಅನುಚ್ಛೇದದಲ್ಲಿ ಅದನ್ನು ವಾರ್ಷಿಕ ಹಣಕಾಸು ವಿವರಣಪತ್ರವೆಂದು ಕರೆಯುತ್ತದೆ. ಮರುಅನುಚ್ಛೇದದಲ್ಲಿ ಬರುವ ಪದ ಇನ್ನೂ ಅರ್ಥಪೂರ್ಣವಾದುದು: 'ಬೇಡಿಕೆ'. ಸೈನ್ಯ, ಪೊಲೀಸು, ಖಜಾನೆಗಳೆಲ್ಲವನ್ನೂ ಕೈಯಲ್ಲಿಟ್ಟುಕೊಂಡ ಸರಕಾರ ಖರ್ಚಿನ ವಿಷಯದಲ್ಲಿ ಮಾತ್ರ ಜನಪ್ರತಿನಿಧಿಗಳ ಮುಂದೆ ನಿಂತು ಬೇಡಬೇಕು. ಸದನ ಕೊಟ್ಟರೆ ಅದು ಅನುದಾನ. ಕೊಡದಿದ್ದರೆ ಸರಕಾರ ಉಳಿಯುವುದಿಲ್ಲ. ಸಂಸದೀಯ ಪದ್ಧತಿಯ ತಿರುಳು ಈ ಒಂದು ಕ್ರಿಯಾಪದದಲ್ಲಿದೆ. ಬೇಡುವ ಕ್ರಿಯೆ ಇಂದು ಎಷ್ಟರಮಟ್ಟಿಗೆ ನಿಜವಾಗಿ ನಡೆಯುತ್ತಿದೆ ಎಂಬುದು ಬೇರೆ ಪ್ರಶ್ನೆ; ಅದನ್ನು ತಿಳಿಯಬೇಕಾದರೆ ಸದನದ ದಿನಚರಿಯಿಂದ ಆರಂಭಿಸಬೇಕು.

ಲೋಕಸಭೆ ಸಾಮಾನ್ಯವಾಗಿ ಬೆಳಗ್ಗೆ 11 ಗಂಟೆಗೆ ಸೇರುತ್ತದೆ. ಒಟ್ಟು ಸದಸ್ಯರಲ್ಲಿ ಹತ್ತನೆಯ ಒಂದು ಭಾಗದಷ್ಟು ಮಂದಿ ಇದ್ದರೆ ಕೋರಂ ಆಯಿತು. ಆ ದಿನ ಏನೇನು ನಡೆಯಬೇಕೆಂಬುದು ಕಾರ್ಯಕಲಾಪಗಳ ಪಟ್ಟಿಯಲ್ಲಿ ಮೊದಲೇ ಅಚ್ಚಾಗಿರುತ್ತದೆ. ಯಾವ ವಿಷಯಕ್ಕೆ ಎಷ್ಟು ಗಂಟೆ ಎಂಬುದನ್ನು ಸ್ಪೀಕರರ ಅಧ್ಯಕ್ಷತೆಯ ಕಾರ್ಯಕಲಾಪ ಸಲಹಾ ಸಮಿತಿ ಗೊತ್ತುಪಡಿಸುತ್ತದೆ. ಮೊದಲ ಗಂಟೆ ಪ್ರಶ್ನೋತ್ತರಕ್ಕೆ ಮೀಸಲು. ರಾಜ್ಯಸಭೆಯಲ್ಲಿಯೂ ಹಿಂದೆ ಹೀಗೆಯೇ ಇತ್ತು. 2014ರ ಕೊನೆಯಿಂದ ಅಲ್ಲಿ ಪ್ರಶ್ನೋತ್ತರ ಮಧ್ಯಾಹ್ನ 12 ಗಂಟೆಗೆ ಸರಿದಿದೆ.

ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದುನಿಂತು ಬಾಯಿಮಾತಿನ ಉತ್ತರ ಕೊಡಬೇಕು. ಅದರ ಬೆನ್ನಿಗೆ ಉಪಪ್ರಶ್ನೆಗಳು ಬರುತ್ತವೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಲೋಕಸಭೆಯಲ್ಲಿ ದಿನಕ್ಕೆ ಮೊದಲ ಬಗೆಯವು 20, ಎರಡನೆಯ ಬಗೆಯವು 230. ಒಂದು ಗಂಟೆಯೊಳಗೆ ಇಪ್ಪತ್ತೂ ಮುಗಿಯುವುದು ಅಪರೂಪ. ಉಳಿದವುಗಳ ಉತ್ತರ ಲಿಖಿತವಾಗಿಯೇ ದಾಖಲಾಗುತ್ತದೆ. ಸಚಿವರಿಗೆ ಕಷ್ಟವಾಗುವುದು ಮೂಲಪ್ರಶ್ನೆಯಲ್ಲ. ಅದಕ್ಕೆ ಅಧಿಕಾರಿಗಳು ಹದಿನೈದು ದಿನ ಮೊದಲೇ ಉತ್ತರ ಸಿದ್ಧಪಡಿಸಲು ಆರಂಭಿಸಿರುತ್ತಾರೆ. ಉಪಪ್ರಶ್ನೆಗೆ ಸಿದ್ಧ ಉತ್ತರವಿರುವುದಿಲ್ಲ. ಇಲಾಖೆಯನ್ನು ಬಲ್ಲ ಸಚಿವರು ಯಾರು, ಚೀಟಿ ನೋಡಿ ಓದುವವರು ಯಾರು ಎಂಬುದು ಅಲ್ಲಿ ತಿಳಿಯುತ್ತದೆ.

ಪ್ರಶ್ನೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ 1957ರ ಮುಂದ್ರಾ ಪ್ರಕರಣವೇ ಉದಾಹರಣೆ. ಆಗಷ್ಟೇ ರಾಷ್ಟ್ರೀಕರಣಗೊಂಡಿದ್ದ ಜೀವವಿಮಾ ನಿಗಮ ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಹಿಡಿತದಲ್ಲಿದ್ದ ಆರು ಕಂಪನಿಗಳ ಷೇರುಗಳನ್ನು ಸುಮಾರು 1.24 ಕೋಟಿ ರೂಪಾಯಿ ಕೊಟ್ಟು ಖರೀದಿಸಿತ್ತು. ಪ್ರಶ್ನೋತ್ತರದಲ್ಲಿ ತಲೆಯೆತ್ತಿದ ಈ ವಿಷಯವನ್ನು ಡಿಸೆಂಬರಿನಲ್ಲಿ ಆಡಳಿತಪಕ್ಷದವರೇ ಆದ ಫಿರೋಜ್ ಗಾಂಧಿ ಸದನದಲ್ಲಿ ದಾಖಲೆಗಳ ಸಮೇತ ಬಿಡಿಸಿಟ್ಟರು. ಅವರು ಪ್ರಧಾನಿಯ ಅಳಿಯ ಎಂಬುದನ್ನೂ ನೆನಪಿಡಬೇಕು. ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ವಿಚಾರಣೆ ನಡೆದು, 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು.

ಪ್ರಶ್ನೋತ್ತರ ಮುಗಿದೊಡನೆ ಬರುವ ಶೂನ್ಯ ವೇಳೆಗೆ ನಿಯಮಾವಳಿಯಲ್ಲಿ ಹೆಸರೇ ಇಲ್ಲ. 1960ರ ದಶಕದಲ್ಲಿ ರೂಢಿಯಿಂದ ಬೆಳೆದುಬಂದದ್ದು ಅದು; ಮುಂಚಿತ ಸೂಚನೆಯ ದೀರ್ಘ ಅವಧಿಯಿಲ್ಲದೆ ತುರ್ತು ಸಂಗತಿಗಳನ್ನು ಪ್ರಸ್ತಾಪಿಸಲು ಸದಸ್ಯರು ಕಂಡುಕೊಂಡ ದಾರಿ. ಆಮೇಲೆ ವಿಧೇಯಕಗಳು, ಚರ್ಚೆಗಳು. ನಿಲುವಳಿ ಸೂಚನೆಗೆ ಕನಿಷ್ಠ 50 ಸದಸ್ಯರ ಬೆಂಬಲ ಬೇಕು. ಶುಕ್ರವಾರದ ಕೊನೆಯ ಎರಡೂವರೆ ಗಂಟೆ ಖಾಸಗಿ ಸದಸ್ಯರ ವಿಧೇಯಕಗಳಿಗೂ ನಿರ್ಣಯಗಳಿಗೂ ಸೇರಿದ್ದು.

ಸದನದ ಭಾಷೆಯ ವಿಷಯ ಕನ್ನಡ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. 120ನೇ ಅನುಚ್ಛೇದದಂತೆ ಸಂಸತ್ತಿನ ಕಲಾಪ ಹಿಂದಿ ಅಥವಾ ಇಂಗ್ಲಿಷಿನಲ್ಲಿ ನಡೆಯಬೇಕು. ಈ ಎರಡರಲ್ಲಿಯೂ ಮನದಿಂಗಿತವನ್ನು ಸರಿಯಾಗಿ ಹೇಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಪೀಠ ಅನುಮತಿ ಕೊಡಬಹುದು. 1967ರಲ್ಲಿ ಶಿವಮೊಗ್ಗದಿಂದ ಆಯ್ಕೆಯಾದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ ಮೊದಲಿಗರೆನಿಸಿದರು. ಅವರಿಗೆ ಇಂಗ್ಲಿಷ್ ಬಾರದೆ ಇರಲಿಲ್ಲ. ಅದು ಹಕ್ಕಿನ ಪ್ರತಿಪಾದನೆಯಾಗಿತ್ತು. ಇಂದು ಕನ್ನಡದ ಭಾಷಣಕ್ಕೆ ತತ್ಕ್ಷಣ ಭಾಷಾಂತರದ ಏರ್ಪಾಡಿದೆ. ಆದರೆ ಬಜೆಟ್ಟಿನ ಕಡತಗಳೂ ಪ್ರಶ್ನೆಗಳ ಉತ್ತರಗಳೂ ಅಚ್ಚಾಗುವುದು ಆ ಎರಡು ಭಾಷೆಗಳಲ್ಲಿಯೇ.

ಇನ್ನು ಖರ್ಚಿನ ವಿಷಯ. ಸ್ವತಂತ್ರ ಭಾರತದ ಮೊದಲ ಬಜೆಟ್ಟನ್ನು ಆರ್. ಕೆ. ಷಣ್ಮುಖಂ ಚೆಟ್ಟಿ 1947ರ ನವೆಂಬರ್ 26ರಂದು ಮಂಡಿಸಿದರು. ಬಹುಕಾಲ ಮಂಡನೆ ಸಂಜೆ 5 ಗಂಟೆಗೆ ನಡೆಯುತ್ತಿತ್ತು. ಬ್ರಿಟಿಷರ ಕಾಲದಿಂದ ಬಂದ ಈ ಪದ್ಧತಿಯನ್ನು 1999ರಲ್ಲಿ ಯಶವಂತ ಸಿನ್ಹಾ ಮುರಿದು ಬೆಳಗ್ಗೆ 11 ಗಂಟೆಗೆ ಮಂಡಿಸಿದರು. ಫೆಬ್ರವರಿ ಕೊನೆಯ ದಿನದ ಬದಲು ಮೊದಲ ದಿನವೇ ಮಂಡಿಸುವ ರೂಢಿ 2017ರಲ್ಲಿ ಬಂತು. 1924ರಿಂದ ಪ್ರತ್ಯೇಕವಾಗಿದ್ದ ರೈಲ್ವೆ ಬಜೆಟ್ಟೂ ಅದೇ ವರ್ಷ ಇದರಲ್ಲಿ ಸೇರಿಹೋಯಿತು. ದಿನಾಂಕದ ಬದಲಾವಣೆ ಮೇಲ್ನೋಟಕ್ಕೆ ಸಣ್ಣದಾದರೂ ಪರಿಣಾಮದಲ್ಲಿ ದೊಡ್ಡದು. ಹಿಂದೆ ಏಪ್ರಿಲ್ 1ರೊಳಗೆ ಚರ್ಚೆ ಮುಗಿಯುತ್ತಿರಲಿಲ್ಲವಾದ್ದರಿಂದ ಮೊದಲ ತಿಂಗಳುಗಳ ಖರ್ಚಿಗೆ ಲೇಖಾನುದಾನ ಪಡೆಯಬೇಕಾಗುತ್ತಿತ್ತು. ಈಗ ಚುನಾವಣೆಯ ವರ್ಷವನ್ನುಳಿದು ಅದರ ಅಗತ್ಯ ಬೀಳುವುದಿಲ್ಲ.

ವೆಚ್ಚದಲ್ಲಿ ಎರಡು ಪಾಲು. ರಾಷ್ಟ್ರಪತಿಯ ವೇತನ, ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ಸಂಬಳ, ಸಾಲದ ಬಡ್ಡಿ ಮೊದಲಾದವು ಸಂಚಿತ ನಿಧಿಯ ಮೇಲೆ ನೇರವಾಗಿ ಬೀಳುವ ಪ್ರಭೃತ ವೆಚ್ಚ. ಅವುಗಳನ್ನು ಸದನ ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. 2025-26ರ ಅಂದಾಜಿನ 50.65 ಲಕ್ಷ ಕೋಟಿ ರೂಪಾಯಿ ವೆಚ್ಚದಲ್ಲಿ ಬಡ್ಡಿಯೊಂದೇ 12.76 ಲಕ್ಷ ಕೋಟಿ. ಅಂದರೆ ಪ್ರತಿ ನಾಲ್ಕು ರೂಪಾಯಿಯಲ್ಲಿ ಒಂದು ರೂಪಾಯಿ ಸದನದ ಮತಕ್ಕೆ ಬರುವ ಮೊದಲೇ ಹೊರಟುಹೋಗಿರುತ್ತದೆ. ಉಳಿದದ್ದು ಇಲಾಖಾವಾರು ಬೇಡಿಕೆಗಳಾಗಿ ಲೋಕಸಭೆಯ ಮುಂದೆ ಬರುತ್ತದೆ. ಇಂಥ ಬೇಡಿಕೆಗಳ ಸಂಖ್ಯೆ ನೂರರ ಆಸುಪಾಸು. ಮತ ಹಾಕುವ ಅಧಿಕಾರ ಲೋಕಸಭೆಯದು ಮಾತ್ರ. ರಾಜ್ಯಸಭೆ ಚರ್ಚಿಸಿ ಸುಮ್ಮನಾಗಬೇಕು.

ಬಜೆಟ್ಟಿನ ಸಾಮಾನ್ಯ ಚರ್ಚೆಯಾದ ಮೇಲೆ ಸದನಕ್ಕೆ ಕೆಲವು ವಾರಗಳ ಬಿಡುವು. ಆಗ ಬೇಡಿಕೆಗಳು ಇಲಾಖಾ ಸಂಬಂಧಿತ ಸ್ಥಾಯಿಸಮಿತಿಗಳಿಗೆ ಹೋಗುತ್ತವೆ. ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರಿರುವ ಇಂಥ 24 ಸಮಿತಿಗಳಿವೆ. ಕಾರ್ಯದರ್ಶಿಗಳನ್ನು ಕರೆಸಿ, ಕಳೆದ ವರ್ಷ ಪಡೆದ ಹಣ ಏಕೆ ಖರ್ಚಾಗಲಿಲ್ಲವೆಂದು ಕೇಳುವ ಕೆಲಸ ಕ್ಯಾಮೆರಾಗಳಿಲ್ಲದ ಆ ಕೋಣೆಗಳಲ್ಲಿ ನಡೆಯುತ್ತದೆ. ಪಕ್ಷಭೇದ ಅಲ್ಲಿ ಬಹುಮಟ್ಟಿಗೆ ಸಡಿಲವಾಗುತ್ತದೆ. ಸಂಸತ್ತಿನಲ್ಲಿ ಈ ವ್ಯವಸ್ಥೆ ಪೂರ್ಣರೂಪದಲ್ಲಿ ಬಂದದ್ದು 1993ರಲ್ಲಿ. ಕಾಸರಗೋಡಿನ ವಿದ್ಯಾರ್ಥಿಗಳು ತಿಳಿದಿರಬೇಕಾದ ಸಂಗತಿಯೆಂದರೆ, ಕೇರಳ ವಿಧಾನಸಭೆ 1980ರಲ್ಲಿಯೇ ವಿಷಯ ಸಮಿತಿಗಳನ್ನು ರಚಿಸಿ ದೆಹಲಿಗಿಂತ ಮುಂದೆ ಹೋಗಿತ್ತು.

ಸಮಿತಿಯ ವರದಿ ಬಂದ ಬಳಿಕ ಸದನದಲ್ಲಿ ಬೇಡಿಕೆಗಳ ಮೇಲೆ ಚರ್ಚೆ. ಒಪ್ಪದ ಸದಸ್ಯರು ಕಡಿತ ಸೂಚನೆ ತರಬಹುದು. ಸರಕಾರದ ನೀತಿಯನ್ನೇ ವಿರೋಧಿಸುವವರು ಬೇಡಿಕೆಯನ್ನು 1 ರೂಪಾಯಿಗೆ ಇಳಿಸಬೇಕೆನ್ನುತ್ತಾರೆ. ಮಿತವ್ಯಯ ಬಯಸುವವರು ನಿರ್ದಿಷ್ಟ ಮೊತ್ತ ತಗ್ಗಿಸಬೇಕೆನ್ನುತ್ತಾರೆ. ಊರಿನ ಒಂದು ನಿರ್ದಿಷ್ಟ ಕುಂದುಕೊರತೆಯನ್ನು ಎತ್ತಿ ತೋರಿಸುವವರು 100 ರೂಪಾಯಿ ಕಡಿತದ ಸಾಂಕೇತಿಕ ಸೂಚನೆ ಕೊಡುತ್ತಾರೆ. ಸಾವಿರಾರು ಕೋಟಿಯ ಬೇಡಿಕೆಯಲ್ಲಿ ನೂರು ರೂಪಾಯಿ ಕಳೆಯುವುದು ಹಾಸ್ಯದಂತೆ ಕಂಡೀತು. ಆದರೆ ಅಂಥದೊಂದು ಸೂಚನೆ ಗೆದ್ದರೂ ಸರಕಾರ ಸದನದ ವಿಶ್ವಾಸ ಕಳೆದುಕೊಂಡಂತೆ.

ಚರ್ಚೆಗೆ ಗೊತ್ತುಪಡಿಸಿದ ದಿನಗಳು ಮುಗಿಯುವ ಹೊತ್ತಿಗೆ ಸಾಮಾನ್ಯವಾಗಿ ಚರ್ಚೆಯಾಗಿರುವುದು ನಾಲ್ಕಾರು ಇಲಾಖೆಗಳ ಬೇಡಿಕೆ ಮಾತ್ರ. ಕೊನೆಯ ದಿನ ನಿಗದಿತ ಗಂಟೆಗೆ ಸ್ಪೀಕರ್ ಉಳಿದೆಲ್ಲ ಬೇಡಿಕೆಗಳನ್ನು ಒಟ್ಟಾಗಿ ಮತಕ್ಕೆ ಹಾಕುತ್ತಾರೆ. ಕೆಲವೇ ನಿಮಿಷಗಳಲ್ಲಿ ಧ್ವನಿಮತದಿಂದ ಲಕ್ಷಾಂತರ ಕೋಟಿ ಮಂಜೂರಾಗುತ್ತದೆ. ಇದಕ್ಕೆ ಗಿಲೊಟಿನ್ ಎಂದು ಹೆಸರು. ಫ್ರಾನ್ಸಿನ ಕ್ರಾಂತಿಕಾಲದ ಶಿರಚ್ಛೇದ ಯಂತ್ರದ ಹೆಸರು ಸಂಸತ್ತಿನ ಪರಿಭಾಷೆಗೆ ಬಂದು ನೆಲೆಸಿರುವುದು ವಿಚಿತ್ರ. ಇಲ್ಲಿ ತುಂಡಾಗುವುದು ಮಾತು. ಸಮಯಮಿತಿಯಿರುವ ಯಾವ ಸದನಕ್ಕೂ ಇಂಥದೊಂದು ಉಪಾಯ ಬೇಕೆಂಬುದನ್ನು ಒಪ್ಪಬಹುದು. ಒಪ್ಪಲಾಗದ್ದು ಅದು ಅಪವಾದದ ಬದಲು ಪದ್ಧತಿಯಾಗಿರುವುದನ್ನು. 2018ರಲ್ಲಿ ಲೋಕಸಭೆ ಒಂದೇ ಒಂದು ಬೇಡಿಕೆಯನ್ನೂ ಚರ್ಚಿಸದೆ ಎಲ್ಲವನ್ನೂ ಗಿಲೊಟಿನ್ನಿಗೆ ಒಪ್ಪಿಸಿತು. 2023ರ ಮಾರ್ಚಿನಲ್ಲಿ, ಸುಮಾರು 45 ಲಕ್ಷ ಕೋಟಿಯ ಬಜೆಟ್ಟಿಗೂ ಅದೇ ಗತಿಯಾಯಿತು. ಆಡಳಿತಪಕ್ಷ ಗದ್ದಲವನ್ನು ದೂರಿತು, ವಿರೋಧಪಕ್ಷ ಹಟವನ್ನು ದೂರಿತು. ಬೇಡಿಕೆಗಳು ಮಾತ್ರ ಯಾರೂ ಬೇಡದೆ, ಯಾರೂ ತಡೆಯದೆ ಅನುದಾನಗಳಾದವು.

ಅನುದಾನಕ್ಕೆ ಒಪ್ಪಿಗೆ ಸಿಕ್ಕಿದ ಮಾತ್ರಕ್ಕೆ ಹಣ ತೆಗೆಯುವಂತಿಲ್ಲ. 114ನೇ ಅನುಚ್ಛೇದದಂತೆ ಧನವಿನಿಯೋಗ ವಿಧೇಯಕ ಅಂಗೀಕಾರವಾಗಬೇಕು. 'ವಿನಿಯೋಗ' ಎಂಬ ಪದದ ಆಯ್ಕೆ ಸೊಗಸಾಗಿದೆ. ದೇವಸ್ಥಾನದಲ್ಲಿ ಪ್ರಸಾದ ವಿನಿಯೋಗವೆಂದರೆ ಗೊತ್ತಾದವರಿಗೆ ಗೊತ್ತಾದಂತೆ ಹಂಚುವುದು. ಕನ್ನಡದ ದತ್ತಿಶಾಸನಗಳನ್ನು ಓದಿದವರಿಗೆ ಈ ತತ್ತ್ವ ಹೊಸದಲ್ಲ: ನಂದಾದೀವಿಗೆಗೆ ಬಿಟ್ಟ ಭೂಮಿಯ ಹುಟ್ಟುವಳಿ ನಂದಾದೀವಿಗೆಗೇ ಸಲ್ಲಬೇಕು, ವಿದ್ಯಾದಾನಕ್ಕೆ ಬಿಟ್ಟದ್ದು ವಿದ್ಯಾದಾನಕ್ಕೇ, ತಪ್ಪಿಸಿದವನಿಗೆ ಶಾಪಾಶಯದ ಸಾಲುಗಳು ಕಾದಿರುತ್ತವೆ. ವಿಧೇಯಕದಲ್ಲಿ ಶಾಪವಿಲ್ಲ, ಲೆಕ್ಕಪರಿಶೋಧನೆಯಿದೆ. ತೆರಿಗೆಯ ಪ್ರಸ್ತಾವಗಳು ಹಣಕಾಸು ವಿಧೇಯಕದಲ್ಲಿ ಪ್ರತ್ಯೇಕವಾಗಿ ಬರುತ್ತವೆ. ಕಾನೂನಿನ ಆಧಾರವಿಲ್ಲದೆ ತೆರಿಗೆ ವಿಧಿಸುವಂತಿಲ್ಲವೆಂದು 265ನೇ ಅನುಚ್ಛೇದ ಹೇಳುತ್ತದೆ. ಇವೆರಡೂ ರಾಜ್ಯಸಭೆಗೆ ಹೋಗುತ್ತವೆಯಾದರೂ ಅದು 14 ದಿನಗಳೊಳಗೆ ಹಿಂದಿರುಗಿಸಲೇಬೇಕು; ಅದರ ಶಿಫಾರಸುಗಳನ್ನು ಲೋಕಸಭೆ ಒಪ್ಪಬಹುದು, ಬಿಡಬಹುದು.

ಖರ್ಚಾದ ಮೇಲಿನ ತಪಾಸಣೆ ಮಹಾಲೇಖಪಾಲರದು. ಅವರ ವರದಿಯನ್ನು 22 ಸದಸ್ಯರ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪರಿಶೀಲಿಸುತ್ತದೆ. 1967ರಿಂದ ಈ ಸಮಿತಿಯ ಅಧ್ಯಕ್ಷತೆ ವಿರೋಧಪಕ್ಷದವರಿಗೆ ಸಲ್ಲುತ್ತಿದೆ. ಬರೆದ ನಿಯಮವಿಲ್ಲದೆಯೂ ಪಾಲಿಸಲಾಗುತ್ತಿರುವ ಸಂಪ್ರದಾಯವಿದು.

ಗಡಿನಾಡ ಕನ್ನಡಿಗರಿಗೂ ಈ ಯಂತ್ರಕ್ಕೂ ಏನು ನಂಟು? ಶಾಲೆ, ಅಧ್ಯಾಪಕರ ನೇಮಕ, ಪಠ್ಯಪುಸ್ತಕಗಳು ಮುಖ್ಯವಾಗಿ ಆಯಾ ರಾಜ್ಯದ ಬಜೆಟ್ಟಿನ ವಿಷಯಗಳು. ಅವುಗಳನ್ನು ದೆಹಲಿಯಲ್ಲಿ ಹುಡುಕಿ ಫಲವಿಲ್ಲ. ಆದರೆ ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿಯೇ, ಏಳನೇ ತಿದ್ದುಪಡಿಯ ಮೂಲಕ, ಸಂವಿಧಾನಕ್ಕೆ 350ಎ ಮತ್ತು 350ಬಿ ಸೇರಿದವು. ಮೊದಲನೆಯದು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಎರಡನೆಯದು ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯೊಬ್ಬರನ್ನು ನೇಮಿಸಿ, ಅವರ ವರದಿಗಳು ಸಂಸತ್ತಿನ ಎರಡೂ ಸದನಗಳ ಮುಂದೆ ಬರುವಂತೆ ಮಾಡುತ್ತದೆ. ಮುಂದೆ ಇಡಬೇಕೆಂದಿದೆ; ಚರ್ಚಿಸಲೇಬೇಕೆಂದಿಲ್ಲ. ಈ ಕಚೇರಿಯ ವೆಚ್ಚ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯದ ಬೇಡಿಕೆಯೊಳಗೆ ಒಂದು ಸಣ್ಣ ಸಾಲು. ಆ ಬೇಡಿಕೆ ಗಿಲೊಟಿನ್ನಿಗೆ ಹೋದ ವರ್ಷ ಆ ಸಾಲನ್ನು ಸದನದಲ್ಲಿ ಯಾರೂ ಓದಿರುವುದಿಲ್ಲ.

ಮಂಜೇಶ್ವರ ಸೇರಿರುವುದು ಕಾಸರಗೋಡು ಕ್ಷೇತ್ರಕ್ಕೆ, ತಾಳವಾಡಿ ನೀಲಗಿರಿಗೆ, ಹೊಸೂರು ಕೃಷ್ಣಗಿರಿಗೆ, ಅಕ್ಕಲಕೋಟೆ ಸೋಲಾಪುರಕ್ಕೆ, ಜತ್ತ ಸಾಂಗಲಿಗೆ, ಆದೋನಿ ಕರ್ನೂಲಿಗೆ, ರಾಯದುರ್ಗ ಅನಂತಪುರಕ್ಕೆ, ಮಡಕಶಿರಾ ಹಿಂದೂಪುರಕ್ಕೆ. ಇವುಗಳಲ್ಲಿ ಯಾವ ಕ್ಷೇತ್ರದಲ್ಲಿಯೂ ಕನ್ನಡಿಗರು ಬಹುಸಂಖ್ಯಾತರಲ್ಲ. ಸಂಖ್ಯಾಬಲದಿಂದ ಸದನವನ್ನು ಅಲುಗಿಸುವ ಶಕ್ತಿ ಇಲ್ಲಿಲ್ಲ. ಹೀಗಿರುವಲ್ಲಿ ಕಡಿಮೆ ಖರ್ಚಿನ ಸಾಧನವೆಂದರೆ ಚುಕ್ಕೆ ಗುರುತಿಲ್ಲದ ಪ್ರಶ್ನೆ. ಅದಕ್ಕೆ ಬಹುಮತ ಬೇಡ, ಒಬ್ಬ ಸದಸ್ಯ ಸಾಕು. ಆತ ಕನ್ನಡಿಗನೇ ಆಗಿರಬೇಕೆಂದೂ ಇಲ್ಲ. 2008ರಲ್ಲಿ ಶಾಸ್ತ್ರೀಯ ಸ್ಥಾನ ಪಡೆದ ಕನ್ನಡಕ್ಕೂ ಇತರ ಶಾಸ್ತ್ರೀಯ ಭಾಷೆಗಳಿಗೂ ಕೇಂದ್ರ ಎಷ್ಟೆಷ್ಟು ಹಣ ಕೊಟ್ಟಿದೆಯೆಂಬ ತುಲನೆ ಸಾರ್ವಜನಿಕರ ಕೈಗೆ ದೊರೆತದ್ದು ಇಂಥ ಪ್ರಶ್ನೆಗಳ ಉತ್ತರಗಳಿಂದಲೇ. ಪ್ರತಿಯೊಂದು ಉತ್ತರಕ್ಕೂ ಸಂಖ್ಯೆ, ದಿನಾಂಕ, ಸಚಿವಾಲಯದ ಹೆಸರು ಇರುತ್ತದೆ. ಶಾಸನಪಾಠವನ್ನು ಓದುವಾಗ ದಾನಿ ಯಾರು, ದತ್ತಿ ಯಾವುದು, ಯಾವ ಉದ್ದೇಶಕ್ಕೆ, ಸಾಕ್ಷಿಗಳು ಯಾರು ಎಂದು ಗುರುತು ಹಾಕಿಕೊಳ್ಳುವ ವಿದ್ಯಾರ್ಥಿ ಅದೇ ಕ್ರಮದಲ್ಲಿ ಈ ಉತ್ತರಗಳನ್ನೂ ಓದಬಹುದು: ಕೇಳಿದ್ದೇನು, ಹೇಳಿದ್ದೇನು, ಯಾವ ಉಪಖಂಡಕ್ಕೆ ಉತ್ತರವೇ ಬಂದಿಲ್ಲ.