ಉಪವಾಸ ಮಾಡಿದ್ದು ಹಾವು, ಬೈಸಿಕೊಂಡಿದ್ದು ನಾನು

ಸಾಕಿದ ಹಾವು ಊಟ ಬಿಟ್ಟಿದೆ ಎಂದು ಯಾರೇ ಹೇಳಿದರೂ ನಾನು ಮೊದಲು ಕೇಳುವುದು ಅದರ ತೂಕ. ಎಷ್ಟು ವಾರದಿಂದ ಬಿಟ್ಟಿದೆ ಅನ್ನುವುದು ಆಮೇಲಿನ ಮಾತು. ಬೆಳೆದ ಬಾಲ್ ಪೈಥಾನ್ ಮೈ ಇಳಿಯದೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಅದರಲ್ಲೂ ಗಂಡಾದರೆ, ಚಳಿಗಾಲವಾದರೆ, ಕೇಳುವುದೇ ಬೇಡ. ಈ ಒಂದು ಮಾತನ್ನು ನಮ್ಮ ಮನೆಯಲ್ಲಿ ಯಾರಾದರೂ ನಂಬಿದ್ದರೆ ಮುಂದಿನ ರಾದ್ಧಾಂತ ಯಾವುದೂ ಆಗುತ್ತಿರಲಿಲ್ಲ.

ಮಗಳು ಕಾಲೇಜಿಗೆ ಹೋಗುವಾಗ ತನ್ನ ಬಾಲ್ ಪೈಥಾನ್ ಚಕ್ಕುಲಿಯನ್ನು ನನ್ನ ತಲೆಗೆ ಕಟ್ಟಿ ಹೋದಳು. ಹಾಸ್ಟೆಲ್‌ನಲ್ಲಿ ಹಾವಿಗೆ ಜಾಗವಿಲ್ಲವಂತೆ. ಏಕಾದಶಿಗೆ ಈರುಳ್ಳಿ ಮುಟ್ಟದ ಮನೆ ನಮ್ಮದು; ಮಿನಿಯಾಪೊಲಿಸ್‌ಗೆ ಬಂದಮೇಲೂ ಅದನ್ನು ಬಿಟ್ಟಿಲ್ಲ. ಆದರೆ ಬೇಸ್‌ಮೆಂಟಿನ ಚಿಕ್ಕ ಫ್ರೀಜರಿನ ತುಂಬ ಸತ್ತ ಇಲಿಗಳ ಪ್ಯಾಕೆಟ್ಟು. ಅದಕ್ಕೂ ಒಗ್ಗಿಕೊಂಡೆ. ಜಿಪ್ ಕವರಿನಲ್ಲಿ ಹಾಕಿ ತಣ್ಣೀರಿನಲ್ಲಿ ಕರಗಿಸುವುದು, ಕೊನೆಗೆ ಬಿಸಿನೀರಿನಲ್ಲಿ ಮೈ ಬೆಚ್ಚಗೆ ಮಾಡುವುದು, ಉದ್ದ ಇಕ್ಕಳದಲ್ಲಿ ಹಿಡಿದು ಆಡಿಸುವುದು. ಮೈಕ್ರೊವೇವ್ ಮಾತ್ರ ಬೇಡ, ಇಲಿ ಒಡೆದುಹೋಗುತ್ತದೆ. ಹಾವಿನ ತುಟಿಯ ಕುಳಿಗಳು ಶಾಖ ಹಿಡಿಯುತ್ತವೆ. ತಲೆ ಬೆಚ್ಚಗಿಲ್ಲದ ಇಲಿ ಅದರ ಪಾಲಿಗೆ ಇಲಿಯೇ ಅಲ್ಲ.

ದೀಪಾವಳಿ ಆದಮೇಲೆ ಚಕ್ಕುಲಿ ಮುಖ ತಿರುಗಿಸಿತು. ಮುಂದೆ ಹಿಡಿದರೆ ಎರಡು ಸಲ ನಾಲಗೆ ಆಡಿಸಿ, ಕತ್ತು ಹಿಂದಕ್ಕೆಳೆದು ಸುರುಳಿಯೊಳಗೆ ಹುದುಗಿಕೊಳ್ಳುತ್ತಿತ್ತು. ಕಣ್ಣು ಮಸುಕಾಗಿದ್ದರೆ ಪೊರೆ ಬಿಡುವ ಹೊತ್ತು ಅನ್ನಬಹುದಿತ್ತು. ಕಣ್ಣು ನಿಚ್ಚಳವಾಗಿತ್ತು. ಮಗಳು ಫೋನಿನಲ್ಲಿ, "ಅಮ್ಮಾ, ನೀನದನ್ನ ಸಾಯಿಸ್ತಿದೀಯ" ಎಂದು ಅತ್ತಳು. ನಮ್ಮವರು ಹಾವಿಗೆ ಬೇಜಾರಾಗಿರಬೇಕು ಎಂದು ಬಂದವರ ಕೈಗೆಲ್ಲ ಅದನ್ನು ಎತ್ತಿ ಕೊಡತೊಡಗಿದರು. ಹಾಸನದಿಂದ ಅತ್ತೆ ಕುಕ್ಕೆಗೆ ಹರಕೆ ಹೊತ್ತು, ಒಂದು ಬಟ್ಟಲು ಹಾಲಿಡು ಎಂದರು. ಹಾವು ಹಾಲು ಕುಡಿಯುವುದಿಲ್ಲ ಎಂದು ಅವರೊಡನೆ ವಾದಕ್ಕೆ ಹೋಗಲಿಲ್ಲ. "ಆಯ್ತು ಅತ್ತೆ" ಅಂದೆ. ಹರಕೆಯಿಂದ ಹಾವಿಗೇನೂ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಭಾವನವರಿಂದ.

ಭಾವನವರು ಕ್ರಿಸ್‌ಮಸ್ ರಜೆಗೆ ಶಿಕಾಗೊದಿಂದ ಬಂದಿದ್ದರು. ಹಾವಿನ ವಿಷಯದಲ್ಲಿ ಅವರ ಅನುಭವವೆಂದರೆ ಊರಿನ ತೋಟದಲ್ಲಿ ಕೇರೆಹಾವು ಕಂಡು ಪಂಚೆ ಎತ್ತಿಕೊಂಡು ಓಡಿದ್ದು. "ನೋಡಮ್ಮ, ಸತ್ತಿದ್ದನ್ನ ಕೊಟ್ಟರೆ ಯಾರು ತಿಂತಾರೆ? ಜೀವಂತ ಇಲಿ ಬಿಡು, ಹೇಗೆ ತಿನ್ನಲ್ಲ ನಾನೂ ನೋಡ್ತೀನಿ" ಅಂದರು. ಬೇಡ ಭಾವ, ಹಸಿವಿಲ್ಲದ ಹಾವಿನ ಹತ್ತಿರ ಇಲಿ ಬಿಟ್ಟರೆ ಇಲಿಯೇ ಕಚ್ಚುತ್ತದೆ ಅಂದೆ. ಅಣ್ಣತಮ್ಮ ಇಬ್ಬರೂ ನಕ್ಕರು.

ಮಾರನೇ ಸಂಜೆ ಕೆಲಸದಿಂದ ಬಂದಾಗ ಅಡುಗೆಮನೆ ಕಟ್ಟೆಯ ಮೇಲೆ ತೂತುಗಳಿದ್ದ ರಟ್ಟಿನ ಡಬ್ಬಿ ಕಂಡಿತು. ಖಾಲಿ. ಮಹಡಿಯಿಂದ ಕ್ರಿಕೆಟ್ ಕಾಮೆಂಟರಿ ಕೇಳುತ್ತಿತ್ತು. ಕೋಟು ಕೂಡ ಬಿಚ್ಚದೆ ಹಾಲಿಗೆ ಓಡಿದೆ.

ಚಕ್ಕುಲಿ ಗಾಜಿನ ಮೂಲೆಗೆ ಒತ್ತಿಕೊಂಡು ಬಿಗಿಯಾಗಿ ಉಂಡೆಯಾಗಿತ್ತು. ಹೆದರಿದಾಗ ಈ ಜಾತಿ ಮಾಡುವುದು ಅಷ್ಟೇ, ತಲೆಯನ್ನು ಮಧ್ಯದಲ್ಲಿ ಬಚ್ಚಿಟ್ಟು ಬೆನ್ನು ಕೊಡುವುದು. ಇಲಿ ಆ ಬೆನ್ನಿನ ಮೇಲೆ ಕೂತಿತ್ತು. ನನ್ನನ್ನು ಕಂಡು ಓಡಲೂ ಇಲ್ಲ. ಮುಂಗಾಲೆರಡನ್ನೂ ಎತ್ತಿ ಮೂತಿ ಒರೆಸಿಕೊಂಡು, ಮತ್ತೆ ಬಗ್ಗಿ ಕಡಿಯತೊಡಗಿತು. ಬೆನ್ನುಮೂಳೆಯ ಪಕ್ಕದಲ್ಲಿ ನನ್ನ ಹೆಬ್ಬೆರಳಗಲ ಚರ್ಮವೇ ಇರಲಿಲ್ಲ. ಒಳಗಿನ ಗುಲಾಬಿ ಮಾಂಸ ಮಿನುಗುತ್ತಿತ್ತು. ಹಾವು ಅಲುಗಲಿಲ್ಲ. ನೋವಾಯಿತೆಂದು ಕೂಗುವ ಗಂಟಲು ಅದಕ್ಕಿಲ್ಲವಲ್ಲ, ಮಹಡಿಯ ಮೇಲಿದ್ದವರಿಗೆ ಕೇಳಿಸುವುದಾದರೂ ಏನು? ಓವನ್ನಿನ ಗ್ಲೌಸ್ ಹಾಕಿಕೊಂಡು, ಅಕ್ಕಿ ತೊಳೆಯುವ ಜರಡಿಯನ್ನು ಇಲಿಯ ಮೇಲೆ ಕವುಚಿದೆ. ನನ್ನ ಕಿರುಚಾಟಕ್ಕೆ ಇಳಿದು ಬಂದ ಭಾವನವರು ಮೊದಲು ಹೇಳಿದ್ದು, "ಇನ್ನೂ ತಿಂದಿಲ್ವಾ?" ಆ ಜರಡಿ ಕಸಕ್ಕೆ ಹೋಯಿತು. ಅದರ ದುಡ್ಡು ಇವತ್ತಿಗೂ ಅವರ ಲೆಕ್ಕದಲ್ಲಿದೆ.

ನಾಯಿ ಬೆಕ್ಕು ನೋಡುವ ಆಸ್ಪತ್ರೆಯವರು ಹಾವು ಅಂದ ಕೂಡಲೇ ಕೈಯೆತ್ತಿದರು. ಹಾವು ನೋಡುವ ಡಾಕ್ಟರಮ್ಮ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಊರಿನ ಇನ್ನೊಂದು ತುದಿಯಲ್ಲಿ. ಹೊರಗೆ ಮೈನಸ್ 20 ಸೆಲ್ಸಿಯಸ್. ಹಾವನ್ನು ದಿಂಬಿನ ಕವರಿಗೆ ಹಾಕಿ ಗಂಟು ಕಟ್ಟಿ, ಪಿಕ್ನಿಕ್ ಕೂಲರಿನಲ್ಲಿಟ್ಟು, ಪಕ್ಕದಲ್ಲಿ ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟು ಒಯ್ದೆವು. ಗಾಯ ತೊಳೆದು ಸೆಫ್ಟಾಜಿಡಿಮ್ ಎಂಬ ಆ್ಯಂಟಿಬಯಾಟಿಕ್ ಬರೆದರು. ಮೂರು ದಿನಕ್ಕೊಮ್ಮೆ ಮೈಯ ಮುಂಭಾಗದ ಮಾಂಸಕ್ಕೆ ಚುಚ್ಚಬೇಕು. ಮನೆಯಲ್ಲಿ ಚುಚ್ಚಿದ್ದು ನಾನೇ. ಹಿಡಿದುಕೊಳ್ಳಿ ಅಂದಾಗ ಭಾವನವರಿಗೆ ಅರ್ಜೆಂಟ್ ಫೋನ್ ಬಂತು.

ತಕ್ಕಡಿಯಲ್ಲಿಟ್ಟರೆ 1,380 ಗ್ರಾಂ. ಮಗಳ ನೋಟ್‌ಬುಕ್ಕಿನಲ್ಲಿದ್ದ ಅಕ್ಟೋಬರ್ ತೂಕ 1,420. "ಉಪವಾಸ ಇದಕ್ಕೇನೂ ಮಾಡಿಲ್ಲ, ನೀವು ಮಾಡಿದ್ದೀರಿ" ಎಂದರು ಡಾಕ್ಟರಮ್ಮ, ನನ್ನ ಮುಖವನ್ನೇ ನೋಡುತ್ತ. ಇಲಿ ತಂದವರು ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತಿದ್ದರು.

ಆಮೇಲೆ ಡಾಕ್ಟರಮ್ಮ ಕೇಳಿದ್ದೆಲ್ಲ ಗೂಡಿನ ವಿಷಯ, ಇಲಿಯದ್ದಲ್ಲ. ಅಂಗಡಿಯವನು ಗಾಜಿಗೆ ಅಂಟಿಸಿಕೊಟ್ಟಿದ್ದ ಮುಳ್ಳಿನ ಥರ್ಮಾಮೀಟರು 88 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು. ಮನೆಗೆ ಬಂದು ಪ್ರೋಬ್ ಇರುವ ಡಿಜಿಟಲ್ ಮೀಟರನ್ನು ಹಾವು ಮಲಗುವ ಕಡೆಯೇ ಇಟ್ಟಾಗ ಬಂದದ್ದು 79. ಬೆಚ್ಚನೆಯ ಬದಿಗೆ 88ರಿಂದ 90, ತಂಪು ಬದಿಗೆ 76ರಿಂದ 80 ಇರಬೇಕು. ಗಾಳಿಯ ತೇವಾಂಶ ಶೇ 60ರ ಆಸುಪಾಸು ಬೇಕು. ಫರ್ನೆಸ್ ಉರಿಯುವ ನಮ್ಮ ಮನೆಯಲ್ಲಿ ಅದರ ಅರ್ಧವೂ ಇರಲಿಲ್ಲ. ಗ್ಯಾಸ್ ಬಿಲ್ ಉಳಿಸಲು ರಾತ್ರಿ ಮನೆಯ ಬಿಸಿ ಇಳಿಸುತ್ತಿದ್ದವರು ಯಾರೆಂದು ಬರೆಯಬೇಕಿಲ್ಲ.

ಗೂಡನ್ನು ಟಿವಿ ಪಕ್ಕದಿಂದ ಮಗಳ ಕೋಣೆಗೆ ಸಾಗಿಸಿದೆ. ಮೂರು ಬದಿಗೆ ಕಪ್ಪು ಕಾಗದ, ಎರಡು ತುದಿಯಲ್ಲೂ ಮೈಗೆ ಒತ್ತಿಕೊಳ್ಳುವಷ್ಟೇ ಅಗಲದ ಅಡಗುತಾಣ, ಹೀಟರಿಗೆ ಥರ್ಮೋಸ್ಟಾಟ್. ಬಾಗಿಲಿಗೆ ಬೀಗ. ಯುಗಾದಿಗೆ ಮುಂಚೆ ಇಡೀ ಪೊರೆ ಒಂದೇ ಎಳೆಯಾಗಿ ಬಿಟ್ಟಿತು. ಆಮೇಲೊಂದು ರಾತ್ರಿ ಇಕ್ಕಳದಿಂದ ಇಲಿಯನ್ನು ಎಷ್ಟು ಜೋರಾಗಿ ಕಿತ್ತುಕೊಂಡಿತೆಂದರೆ ಇಕ್ಕಳವೂ ಕೈತಪ್ಪಿತು.

ನಿಮಗೆ ಹೇಳುವುದಿಷ್ಟು. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ದಿನಾ ಇಲಿ ತೋರಿಸಿ ಪೀಡಿಸಬೇಡಿ, ಹತ್ತು ಹದಿನೈದು ದಿನಕ್ಕೊಮ್ಮೆ ಸಾಕು. ತಿಂದಮೇಲೆ ಎರಡು ದಿನ ಮುಟ್ಟಬೇಡಿ, ಕಕ್ಕಿಬಿಡುತ್ತದೆ. ಬಾಯಿ ತೆರೆದು ತುರುಕುವ ಸಾಹಸ ಬೇಡವೇ ಬೇಡ. ತೂಕ ಹತ್ತನೇ ಒಂದು ಪಾಲು ಇಳಿದರೆ, ಉಸಿರಾಟಕ್ಕೆ ಸಿಳ್ಳೆ ಬಂದರೆ, ಬಾಯಲ್ಲಿ ಕೀವು ಕಂಡರೆ ಡಾಕ್ಟರ ಬಳಿಗೆ ಓಡಿ. ಮರಿಯಾದರೆ ಅಷ್ಟು ದಿನ ಕಾಯಲೂ ಹೋಗಬೇಡಿ. ಊರಿನಲ್ಲಿ ನನ್ನ ಅಣ್ಣನ ಮಗ ತಾನೂ ಒಂದು ಹೆಬ್ಬಾವು ಸಾಕುತ್ತೇನೆ ಅನ್ನುತ್ತಿದ್ದಾನೆ. ಅವನಿಗೂ ಇಲ್ಲೇ ಹೇಳಿಬಿಡುತ್ತೇನೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಡಿನ ಹೆಬ್ಬಾವನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಬಾಲ್ ಪೈಥಾನಿನಂಥ ವಿದೇಶಿ ಹಾವಾದರೂ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಋತು ಬದಲಾಯಿತು, ಹಾವು ತಿಂದಿತು, ಇದರಲ್ಲಿ ನಿನ್ನದೇನಿದೆ ಅನ್ನುತ್ತಾರೆ ನಮ್ಮವರು. ಇರಬಹುದು, ಆದರೆ ತಿಂದದ್ದು ನಾನು ಬೀಗ ಹಾಕಿದ ಮೇಲೆ. ಭಾವನವರಂತೂ ಹೋದ ತಿಂಗಳು ಒಂದು ಮದುವೆಮನೆಯ ಪಂಕ್ತಿಯಲ್ಲಿ ಕೂತು, "ಜೀವಂತ ಇಲಿ ತೋರಿಸಿ ಅದರ ಹಸಿವು ಕೆರಳಿಸಿದ್ದು ನಾನೇ" ಎಂದು ಹೇಳಿದರಂತೆ. ಆ ಪಂಕ್ತಿಯಲ್ಲಿ ಕೂತಿದ್ದವರಲ್ಲಿ ಯಾರ ಮನೆಯಲ್ಲಾದರೂ ಹಾವಿದ್ದರೆ ಇದನ್ನು ಓದಲಿ ಎಂದೇ ಬರೆದೆ.